ಉಪ್ಪು ಗಾಳಿ, ಕೆಂಪು ರಾಡಿ: ನಮ್ಮ ಕಡೆಯ ಕಾರಿಗೆ ಯಾವ ವಾಶ್?

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಕಾರನ್ನು ವಾಟರ್ ಸರ್ವೀಸಿಗೆ ಒಯ್ದಿದ್ದೆ. ಲಿಫ್ಟ್ ಏರಿಸಿದ ಹುಡುಗ ಅಡಿಯಲ್ಲಿ ನಿಂತು ಟಾರ್ಚ್ ಹಾಕಿ ನೋಡಿದ. ಹಿಂದಿನ ಮಡ್‌ಗಾರ್ಡಿನ ಅಂಚು ಒಳಕ್ಕೆ ಮಡಿಚಿಕೊಂಡಿರುತ್ತದಲ್ಲ, ಆ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದ. ಬೆರಳುದ್ದದ ಕೆಂಪು ಗಟ್ಟಿಯೊಂದು ಟಪ್ ಅಂತ ಬಿತ್ತು. ಹೊರಗೆ ಒಣಗಿ ಹಂಚಿನ ಚೂರಿನ ಹಾಗಿತ್ತು. ಮುರಿದರೆ ಒಳಗೆ ಇನ್ನೂ ಹಸಿ. ಅದು ಕೂತಿದ್ದ ಜಾಗದಲ್ಲಿ ಪೇಂಟ್ ಗುಳ್ಳೆ ಎದ್ದಿತ್ತು. ಉಗುರಲ್ಲಿ ಕೆರೆದರೆ ಕಂದು ಪುಡಿ.

"ಸರ್, ಮೇಲೆ ಎಷ್ಟ್ ಸಲ ತೊಳ್ಸಿದ್ರೂ ಇದು ಹೋಗುದಿಲ್ಲ" ಅಂದ ಹುಡುಗ.

ಆ ಮಳೆಗಾಲದಲ್ಲಿ ನಾನು ಕಾರು ತೊಳೆಸಿರಲಿಲ್ಲ ಅಂತಲ್ಲ. ದೊಡ್ಡ ಊರಿಗೆ ಹೋದಾಗೆಲ್ಲ ಆಟೋಮ್ಯಾಟಿಕ್ ಯಂತ್ರಕ್ಕೆ ಕೊಟ್ಟಿದ್ದೆ. ನಾಲ್ಕು ಸಲ. ಪ್ರತಿ ಸಲವೂ ಬೋರ್ಡಿನಲ್ಲಿ ಜಾಸ್ತಿ ರೇಟ್ ಇದ್ದದ್ದನ್ನೇ ಆರಿಸಿದ್ದೆ. ಬಣ್ಣದ ನೊರೆ, ವ್ಯಾಕ್ಸ್, ಟೈರ್ ಪಾಲಿಶ್ ಎಲ್ಲ ಇತ್ತು. ಕಾರಿನ ಅಡಿಗೆ ನೀರು ಹೊಡೆಯುವುದೊಂದು ಇರಲಿಲ್ಲ. ನಾನೂ ಕೇಳಿರಲಿಲ್ಲ.

ಕಾರವಾರದಿಂದ ಭಟ್ಕಳದವರೆಗೆ ಕಡಲ ಬದಿಯಲ್ಲಿರುವವರಿಗೆ, ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಘಟ್ಟ ಇಳಿದು ಹತ್ತುವವರಿಗೆ ಬೆಂಗಳೂರಿನ ಲೆಕ್ಕ ಒಗ್ಗುವುದಿಲ್ಲ. ಅಲ್ಲಿ ಕಾರಿಗೆ ಕೂರುವುದು ಧೂಳು. ಇಲ್ಲಿ ಉಪ್ಪು ಮತ್ತು ರಾಡಿ. ಹಾಗಾಗಿ ಯಂತ್ರದ ಹೆಸರು ನೋಡಿ ವಾಶ್ ಆರಿಸಬೇಡಿ. ಕೊಳೆ ನೋಡಿ ಆರಿಸಿ.

ಹೆಜ್ಜೆ 1: ಕಾರಿನ ಮೇಲೆ ಏನು ಕೂತಿದೆ ನೋಡಿ

ಎರಡು ನಿಮಿಷದ ಕೆಲಸ. ಕಾರಿನ ಸುತ್ತ ಒಂದು ಸುತ್ತು ಬನ್ನಿ.

ಕಾರವಾರದ ಟಾಗೋರ್ ಕಡಲತೀರದ ಎದುರು ರಾತ್ರಿಯಿಡೀ ನಿಲ್ಲಿಸಿದ ಕಾರಿನ ಗಾಜಿನ ಮೇಲೆ ಬೆಳಿಗ್ಗೆ ಬೆರಳು ಎಳೆಯಿರಿ. ಅಂಟಂಟು. ಅದು ಉಪ್ಪು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲೆ ಒಡೆದಾಗ ಹಾರುವ ಸಣ್ಣ ಹನಿಗಳು ಗಾಳಿಯಲ್ಲಿ ಬಂದು ಕೂರುತ್ತವೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಜೂನ್ ಬಂದರೆ ಅಡುಗೆಮನೆಯ ಉಪ್ಪಿನ ಡಬ್ಬಿ ನೀರು ಬಿಡುತ್ತದಲ್ಲ, ಕಾರಿನ ಸಂದಿಯಲ್ಲಿ ಕೂತ ಉಪ್ಪೂ ಹಾಗೇ. ಗಾಳಿಯ ತೇವವನ್ನು ಎಳೆದುಕೊಂಡು ಲೋಹವನ್ನು ಸದಾ ಒದ್ದೆ ಇಡುತ್ತದೆ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಹಾಸಿಗೆ ಬೇಕಾ?

ಸಮುದ್ರ ದೂರ ಇದ್ದರೂ ಉಪ್ಪು ತಪ್ಪುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹತ್ತು ನಿಮಿಷ ಸಿಕ್ಕಿಬಿದ್ದವರಿಗೆ ಗೊತ್ತು. ಐಸ್ ಕರಗಿದ ಉಪ್ಪು ನೀರು ರಸ್ತೆಗೆ ಸುರಿಯುತ್ತಿರುತ್ತದೆ. ಅದು ಚಕ್ರಕ್ಕೆ ಸಿಕ್ಕಿ ನಮ್ಮ ಗಾಜಿಗೂ ಬರುತ್ತದೆ, ಅಡಿಗೂ ಹೋಗುತ್ತದೆ. ವಾಸನೆ ಎರಡು ದಿನಕ್ಕೆ ಹೋಗುತ್ತೆ. ಉಪ್ಪು ಹೋಗಲ್ಲ.

ಎರಡನೆಯದು ಕೆಂಪು ರಾಡಿ. ನಮ್ಮದು ಚಿರೆಕಲ್ಲಿನ ನೆಲ. ಆ ಮಣ್ಣಿನಲ್ಲಿ ನುಣುಪು ಪುಡಿಯೂ ಇದೆ, ಚೂಪಾದ ಹರಳೂ ಇದೆ. ಒಣಗಿದ ಮೇಲೆ ಅದರ ಮೇಲೆ ಬಟ್ಟೆ ಎಳೆಯುವುದೂ ಒಂದೇ, ಮರಳು ಕಾಗದ ಉಜ್ಜುವುದೂ ಒಂದೇ.

ಇನ್ನು ಮರದ ಕೆಳಗೆ ನಿಲ್ಲಿಸುವವರ ಕಷ್ಟ: ಮಾವಿನ ಸೊನೆ, ಹಲಸಿನ ಮೇಣ, ಹಕ್ಕಿ ಹಿಕ್ಕೆ. ಇದನ್ನು ಯಾವ ಯಂತ್ರಕ್ಕೂ ಬಿಡಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಸಿಟ್ಟು, ನೆನೆದ ಮೇಲೆ ಮೆತ್ತಗೆ ಎತ್ತಿ. ಹಿಕ್ಕೆಯಾದರೆ ಅದೇ ದಿನ ತೆಗೆಯಬೇಕು. ಬಿಸಿಲಿಗೆ ಕಾದರೆ ಪೇಂಟಿನಲ್ಲಿ ಅಚ್ಚು ಉಳಿಯುತ್ತದೆ.

"ಮಳೆಗಾಲದಲ್ಲಿ ಎಂತಕ್ಕೆ ತೊಳೆಯುದು ಮಾರಾಯ್ರೆ, ಮಳೆಯೇ ತೊಳಿತದೆ" ಅನ್ನುವವರು ನಮ್ಮಲ್ಲಿ ಬಹಳ. ಮಳೆ ತೊಳೆಯುವುದು ಟಾಪು ಮತ್ತು ಬಾನೆಟ್ಟನ್ನು. ಅಡಿಗೆ ಹೋಗುವುದು ಮಳೆ ನೀರಲ್ಲ, ಚಕ್ರ ಎರಚಿದ ರಸ್ತೆಯ ನೀರು.

ಹೆಜ್ಜೆ 2: ಯಂತ್ರಗಳ ಪರಿಚಯ ಮಾಡಿಕೊಳ್ಳಿ

ಟನೆಲ್ ವಾಶ್ ಅಂದರೆ ನಮ್ಮವರಿಗೆ ಕಾರವಾರ–ಬಿಣಗಾ ನಡುವಿನ ಸುರಂಗ ನೆನಪಾಗಬಹುದು. ಇದೂ ಸುರಂಗದ ಥರವೇ. ನ್ಯೂಟ್ರಲ್‌ನಲ್ಲಿ ಬಿಟ್ಟ ಕಾರನ್ನು ನೆಲದ ಸರಪಳಿ ಅಥವಾ ಬೆಲ್ಟ್ ಎಳೆದುಕೊಂಡು ಹೋಗುತ್ತದೆ. ದಾರಿಯಲ್ಲಿ ನೊರೆ, ಬ್ರಷ್, ನೀರು, ಗಾಳಿ. ಬೇಗ ಮುಗಿಯುತ್ತದೆ. ದಿನಕ್ಕೆ ನೂರಾರು ಕಾರು ಬರುವ ಊರಿಗೆ ಇದು ಸರಿ. 1914ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇಂಥದ್ದು ಶುರುವಾದಾಗ ಸರಪಳಿಯೂ ಇರಲಿಲ್ಲ, ಕಾರನ್ನು ಕೈಯಲ್ಲೇ ತಳ್ಳಿಕೊಂಡು ಹೋಗುತ್ತಿದ್ದರಂತೆ.

ಇನ್ನೊಂದು ಬಗೆಯಲ್ಲಿ ಕಾರು ನಿಂತೇ ಇರುತ್ತದೆ. ದೊಡ್ಡ ಬಾಗಿಲಿನ ಚೌಕಟ್ಟಿನಂಥ ಯಂತ್ರ ಹಳಿಯ ಮೇಲೆ ಹಿಂದೆ ಮುಂದೆ ಓಡಾಡುತ್ತದೆ. ಎರಡು ಬದಿ, ಮೇಲೊಂದು ಉರುಳೆ ಬ್ರಷ್. ಇದಕ್ಕೆ ಜಾಗ ಕಡಿಮೆ ಸಾಕು.

ಇವೆರಡರಲ್ಲೂ ನೋಡಬೇಕಾದ್ದು ಬ್ರಷ್. ಹಳೇ ಪ್ಲಾಸ್ಟಿಕ್ ಎಳೆಯ ಬ್ರಷ್ ಒರಟು. ಬಟ್ಟೆಯ ಪಟ್ಟಿ ಮೆತ್ತಗೆ, ಆದರೆ ರಾಡಿ ಹಿಡಿದುಕೊಳ್ಳುತ್ತದೆ. ಫೋಮ್ ಪಟ್ಟಿ ನೀರು, ಮಣ್ಣು ಅಷ್ಟಾಗಿ ಹೀರುವುದಿಲ್ಲ. ಮೂರರಲ್ಲಿ ನನ್ನ ಓಟು ಫೋಮಿಗೆ. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಗಾಜಿನಂಥ ಪದರ ಇರುತ್ತದೆ. ದಪ್ಪ ಸುಮಾರು 40–50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಗೀರು ಬೀಳುವುದು ಇದರ ಮೇಲೆ.

ನನಗೆ ಹೇಗೆ ಗೊತ್ತಾಯಿತು ಅಂದರೆ, ಒಮ್ಮೆ ದೊಡ್ಡ ಊರೊಂದರಲ್ಲಿ ಕೆಂಪು ರಾಡಿ ಮೆತ್ತಿಕೊಂಡ ಜೀಪಿನ ಹಿಂದೆ ನಿಂತಿದ್ದೆ. ಜೀಪು ಹೊರಗೆ ಬಂತು, ನನ್ನ ಕಪ್ಪು ಕಾರು ಒಳಗೆ ಹೋಯಿತು. ನಡುವೆ ಬ್ರಷ್ ಯಾರೂ ತೊಳೆಯಲಿಲ್ಲ. ಮರುದಿನ ಬೆಳಗಿನ ಓರೆ ಬಿಸಿಲಿನಲ್ಲಿ ಬಾನೆಟ್ ನೋಡಿದೆ. ಜೇಡನ ಬಲೆ ಹಾಸಿದ ಹಾಗೆ ಸುತ್ತುಸುತ್ತು ಗೀರು. ಬಿಳಿ ಕಾರಾಗಿದ್ದರೆ ಕಾಣುತ್ತಿರಲಿಲ್ಲ. ಕಪ್ಪು, ನೀಲಿ, ಕಡುಗೆಂಪು ಕಾರಿನವರು ಜಾಸ್ತಿ ಹುಷಾರಾಗಿರಬೇಕು.

ಮೂರನೆಯದು ಟಚ್‌ಲೆಸ್. ಬ್ರಷ್ಷೇ ಇಲ್ಲ. ನೊರೆ ಹೊಡೆದು ನೆನೆಸಿ, ಜೋರು ನೀರಿನಿಂದ ತೊಳೆಯುತ್ತದೆ. ಗೀರಿನ ಭಯ ತೀರಾ ಕಡಿಮೆ. ಆದರೆ ಉಜ್ಜದೆ ಕೊಳೆ ಬಿಡಿಸಬೇಕಲ್ಲ, ಅದಕ್ಕೆ ಸೋಪು ಜೋರಿರುತ್ತದೆ, ಕ್ಷಾರ ಜಾಸ್ತಿ. ನೀವು ದುಡ್ಡು ಕೊಟ್ಟು ಹಾಕಿಸಿದ ವ್ಯಾಕ್ಸ್ ಬೇಗ ಹೋಗುತ್ತದೆ. ಇಷ್ಟಾಗಿಯೂ ಪೂರ್ತಿ ಚೊಕ್ಕ ಆಗುವುದಿಲ್ಲ. ತೊಳೆದಾದ ಮೇಲೆ ಡಿಕ್ಕಿ ಬಾಗಿಲ ಮೇಲೆ ಬೆರಳು ಎಳೆದು ನೋಡಿ, ಬೂದು ಬಣ್ಣದ ತೆಳು ಪೊರೆ ಬೆರಳಿಗೆ ಬಂದರೂ ಬರಬಹುದು. ಮದುವೆ ದಿಬ್ಬಣಕ್ಕೆ ಹೋಗುವ ಕಾರಿಗೆ ಇದು ಸಾಲದು. ಉಪ್ಪು ಬಿಡಿಸಲು ಮಾತ್ರ ಬೇಕಾದಷ್ಟಾಯಿತು, ಉಪ್ಪು ನೀರಿಗೇ ಕರಗುತ್ತದೆ.

ನಾಲ್ಕನೆಯದು ನಮ್ಮ ಊರಿನ ವಾಟರ್ ಸರ್ವೀಸ್. ಲಿಫ್ಟ್ ಇದೆ, ಪ್ರೆಶರ್ ಗನ್ ಇದೆ, ಫೋಮ್ ಹೊಡೆಯುವ ಡಬ್ಬಿ ಇದೆ. ಉಳಿದದ್ದು ಹುಡುಗರ ಕೈ. ಇದನ್ನು ಅರ್ಧ ಆಟೋಮ್ಯಾಟಿಕ್ ಅನ್ನಬಹುದು. ನಗರದ ಯಂತ್ರದ ಮುಂದೆ ಇದು ಹಳೇ ಕಾಲದ್ದು ಅನ್ನಿಸುತ್ತೆ, ಅಲ್ವಾ? ನಮ್ಮ ಕೊಳೆಗೆ ಇದೇ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಕಾರನ್ನು ಆರಡಿ ಮೇಲೆತ್ತಿ, ಮಡ್‌ಗಾರ್ಡಿನ ಒಳಗೆ ಗನ್ ತಿರುಗಿಸಿ ಹೊಡೆಯುವುದು ಯಾವ ಉರುಳೆ ಬ್ರಷ್ಷಿನಿಂದಲೂ ಆಗುವುದಿಲ್ಲ. ಒಂದೇ ತೊಂದರೆ, ಮೈ ಉಜ್ಜುವ ಬಟ್ಟೆ. ಬೆಳಿಗ್ಗೆಯಿಂದ ಹತ್ತು ಕಾರು ಉಜ್ಜಿದ ಅದೇ ಸ್ಪಂಜು, ಅದೇ ಬಕೆಟ್ಟು. ನಾನು ಮನೆಯಿಂದ ಎರಡು ಮೈಕ್ರೋಫೈಬರ್ ಬಟ್ಟೆ ಒಯ್ಯುತ್ತೇನೆ. "ತಮ್ಮಾ, ಇದರಲ್ಲೇ ಒರೆಸು" ಅಂದರೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಸ್ಟೀಮ್ ವಾಶ್ ಬಗ್ಗೆ ಒಂದೇ ಮಾತು. ಸೀಟು, ಎಸಿ ಕಿಂಡಿ, ಬಾಗಿಲ ಸಂದಿಗೆ ಚೆನ್ನ. ರಾಡಿ ಕಾರಿಗೆ ಅಲ್ಲ.

ಹೆಜ್ಜೆ 3: ಕೊಳೆಗೂ ಯಂತ್ರಕ್ಕೂ ಜೋಡಿ ಹಾಕಿ

ಬರೀ ಉಪ್ಪು, ಧೂಳು ಇದ್ದರೆ ಟಚ್‌ಲೆಸ್ ಸಾಕು. ಅಡಿಗೆ ನೀರು ಹೊಡೆಯುವ ವ್ಯವಸ್ಥೆ ಇದೆಯಾ ಅಂತ ಮಾತ್ರ ಕೇಳಿ. ಕೆಲವು ಯಂತ್ರಗಳಲ್ಲಿ ನೆಲದಲ್ಲೇ ನಳಿಕೆಗಳಿರುತ್ತವೆ, ಕಾರು ಮೇಲೆ ಹೋಗುವಾಗ ಕೆಳಗಿನಿಂದ ಚಿಮ್ಮುತ್ತವೆ. ಬೇರೆ ದುಡ್ಡು ಕೇಳಿದರೂ ಕೊಡಿ. ವ್ಯಾಕ್ಸ್ ಬಿಟ್ಟು ಅದನ್ನು ತೆಗೆದುಕೊಳ್ಳಿ.

ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಮಳೆಯಲ್ಲಿ ಹತ್ತಿಳಿದು ಬಂದ ಕಾರಾದರೆ ನೇರವಾಗಿ ಬ್ರಷ್ ಯಂತ್ರಕ್ಕೆ ಒಯ್ಯಲೇಬೇಡಿ. ಮೊದಲು ಗನ್ನಿನಲ್ಲಿ ರಾಡಿ ಇಳಿಸಬೇಕು. ಮೇಲಿನಿಂದ ಕೆಳಕ್ಕೆ, ಒಂದಡಿ ದೂರದಿಂದ. ರಾಡಿ ಪೂರ್ತಿ ಇಳಿದ ಮೇಲೆ ಬ್ರಷ್ ಬಂದರೆ ತೊಂದರೆ ಕಡಿಮೆ. ಒಳ್ಳೆಯ ಕಡೆ ಈ ಮೊದಲ ತೊಳೆತ ಅವರೇ ಮಾಡುತ್ತಾರೆ. ಮಾಡದಿದ್ದರೆ ಕೇಳಿ, ಒಪ್ಪದಿದ್ದರೆ ವಾಪಸ್ ಬನ್ನಿ.

ಕಡಲತೀರದ ಮರಳಿಗೆ ಕಾರು ಇಳಿಸಿದ್ದರೆ, ಅಲೆ ಚಕ್ರಕ್ಕೆ ತಾಗಿದ್ದರೆ, ಅವತ್ತೇ ಲಿಫ್ಟ್. ನಾಳೆ ಅಂದರೆ ತಡ.

ಹೊಸದಾಗಿ ಪೇಂಟ್ ಹೊಡೆಸಿದ ಕಾರನ್ನು ಸುಮಾರು ಒಂದು ತಿಂಗಳು ಯಾವ ಯಂತ್ರಕ್ಕೂ ಹಾಕಬೇಡಿ. ಹಿಂದಿನ ಗಾಜಿನ ಮೇಲೆ "ಶ್ರೀ ಮಾರಿಕಾಂಬಾ ಪ್ರಸನ್ನ" ಅಂತ ಸ್ಟಿಕ್ಕರ್ ಇದ್ದರೆ ಗನ್ ಹಿಡಿದವನಿಗೆ ಮೊದಲೇ ತೋರಿಸಿ. ಜೋರು ನೀರು ಅಂಚಿಗೆ ಹೊಡೆದರೆ ಅಮ್ಮನವರ ಹೆಸರಿನಲ್ಲಿ ಒಂದಕ್ಷರ ಹಾರಿಹೋಗುತ್ತದೆ.

ಹೆಜ್ಜೆ 4: ನೀರು ಎಲ್ಲಿಂದ ಅಂತ ಕೇಳಿ

ಇದನ್ನು ಯಾರೂ ಕೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಮೊದಲು ಕೇಳಬೇಕಾದ್ದೇ ಇದು.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ನಾಲ್ಕೂ ಹೊಳೆಗಳ ಬಾಯಿಯಲ್ಲಿ ಭರತದ ನೀರು ಒಳಗೆ ನುಗ್ಗುತ್ತದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಬದಿಯ ಊರಿನವರಿಗೆ ಹೇಳಬೇಕಾಗಿಲ್ಲ, ಏಪ್ರಿಲ್–ಮೇ ಬಂದರೆ ಎಷ್ಟೋ ಬಾವಿಗಳ ನೀರು ಬಾಯಿಗೆ ಇಡಲಾಗುವುದಿಲ್ಲ. ಅಂಥ ಬಾವಿಯ ಅಥವಾ ಬೋರಿನ ನೀರಿನಲ್ಲೇ ಕಾರು ತೊಳೆದರೆ? ಉಪ್ಪು ತೊಳೆಯಲು ಉಪ್ಪು ನೀರು. ಹೊರಗೆ ಬರುವಾಗ ಹೊಳೆಯುತ್ತದೆ, ಒಣಗಿದ ಮೇಲೆ ಗಾಜಿನ ತುಂಬ ಬಿಳಿ ಚುಕ್ಕೆ.

ಪರೀಕ್ಷೆ ಸುಲಭ. ಅಲ್ಲಿನ ನಲ್ಲಿಯಿಂದ ನಾಲ್ಕು ಹನಿ ತೆಗೆದು ನೆರಳಿನಲ್ಲಿರುವ ಕಾರಿನ ಗಾಜಿನ ಮೇಲೆ ಬಿಡಿ. ಒಣಗಲು ಬಿಡಿ. ದಪ್ಪ ಬಿಳಿ ಉಂಗುರ ಉಳಿದರೆ ಆ ನೀರು ಕೊನೆಯ ತೊಳೆತಕ್ಕೆ ಆಗದು. ಇನ್ನೂ ಖಚಿತ ಬೇಕಾದರೆ ನೀರಿನಲ್ಲಿ ಕರಗಿದ ಉಪ್ಪು, ಖನಿಜ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಕೊಳ್ಳಿ, ಪೆನ್ನಿನಷ್ಟು ದೊಡ್ಡದು, ಕೆಲವು ನೂರು ರೂಪಾಯಿ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಅಂತ ಮಿತಿ ಇದೆ, ಬೇರೆ ನೀರು ಸಿಗದಿದ್ದರೆ 2000. ನನ್ನ ಸ್ವಂತ ಲೆಕ್ಕ: 500 ಒಳಗಿದ್ದರೆ ಸುಮ್ನೆ ಒಳಗೆ ಹೋಗುತ್ತೇನೆ. ಸಾವಿರ ದಾಟಿದರೆ ವಾಪಸ್.

ಆಟೋಮ್ಯಾಟಿಕ್ ಯಂತ್ರಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎಷ್ಟೋ ಕಡೆ ಬಳಸಿದ ನೀರನ್ನೇ ಸೋಸಿ ಮತ್ತೆ ಬಳಸುತ್ತಾರೆ. ಒಳ್ಳೆಯದೇ, ನೀರು ಉಳಿಯುತ್ತದೆ. ಆದರೆ ತೊಟ್ಟಿಯಲ್ಲಿ ತಂಗಿಸಿ, ಮರಳಿನಲ್ಲಿ ಸೋಸಿದರೆ ಹೋಗುವುದು ರಾಡಿ. ಕರಗಿದ ಉಪ್ಪು ಹೋಗುವುದಿಲ್ಲ, ಅದಕ್ಕೆ ಮನೆಯ ಕುಡಿಯುವ ನೀರಿನ ಫಿಲ್ಟರಿನಲ್ಲಿರುವಂಥ ಆರ್‌ಒ ಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: "ಕೊನೆಗೆ ಹೊಡೆಯುವ ನೀರು ಹೊಸದಾ, ಹಳೇದಾ?" ಉತ್ತರ ಗೊತ್ತಿಲ್ಲದೆ ತಡಬಡಿಸಿದರೆ ಅದೂ ಒಂದು ಉತ್ತರ.

ಹೆಜ್ಜೆ 5: ಒಳಗೆ ಹೋಗುವ ಮುಂಚೆ

ಗಾಜು, ಸನ್‌ರೂಫ್ ಮುಚ್ಚಿ. ಕನ್ನಡಿ ಮಡಚಿ. ಕಂಬದಂಥ ಆಂಟೆನಾ ಇದ್ದರೆ ಬಿಚ್ಚಿ ಒಳಗಿಡಿ. ಪೆಟ್ರೋಲ್ ಮುಚ್ಚಳ ಲಾಕ್ ಆಗಿದೆಯಾ ಒತ್ತಿ ನೋಡಿ.

ವೈಪರ್ ಆಫ್. ಮಳೆ ಕಂಡರೆ ತಾನೇ ಓಡುವ ವೈಪರ್ ಇರುವ ಕಾರಿನಲ್ಲಿ ಇದನ್ನು ಮರೆಯಲೇಬೇಡಿ. ನೀರು ಬಿದ್ದ ಕೂಡಲೇ ವೈಪರ್ ಏಳುತ್ತದೆ, ಬ್ರಷ್ಷಿಗೆ ಸಿಕ್ಕಿ ಮುರಿಯುತ್ತದೆ. ಹಿಂದಿನ ಗಾಜಿನ ವೈಪರ್ ಸಡಿಲ ಇದ್ದರೆ ಟೇಪ್ ಹಾಕಿಸಿ.

ಟನೆಲ್ ಆದರೆ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಕೆಳಗೆ, ಬ್ರೇಕ್ ಮೇಲಿಂದ ಕಾಲು ತೆಗೆಯಿರಿ. ಆಟೋಮ್ಯಾಟಿಕ್ ಗೇರಿನ ಕಾರುಗಳು, ಎಲೆಕ್ಟ್ರಿಕ್ ಕಾರುಗಳು ಕೆಲವು ಆಫ್ ಮಾಡಿದ ಕೂಡಲೇ ತಾವಾಗಿ ಪಾರ್ಕಿಗೆ ಹೋಗುತ್ತವೆ. ಆಗ ಚಕ್ರ ಬಿಗಿ, ಸರಪಳಿ ಎಳೆಯುತ್ತಲೇ ಇರುತ್ತದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇದರ ಬಗ್ಗೆ ಬರೆದಿರುತ್ತದೆ, ಮನೆಯಲ್ಲೇ ಓದಿಕೊಂಡು ಹೋಗಿ. ಕಾರು ನಿಂತಾಗ ತಾನೇ ಬ್ರೇಕ್ ಹಿಡಿದಿಡುವ ಆಟೋ ಹೋಲ್ಡ್ ಇದ್ದರೆ ಅದನ್ನೂ ಆಫ್ ಮಾಡಿ. ನಿಂತೇ ಇರುವ ಬಗೆಯಲ್ಲಿ ಇದರ ಉಲ್ಟಾ, ಹ್ಯಾಂಡ್‌ಬ್ರೇಕ್ ಹಾಕಿರಬೇಕು.

ಟಾಪಿನ ಮೇಲೆ ಕ್ಯಾರಿಯರ್ ಇದ್ದವರು ಗೋಡೆಯ ಮೇಲೆ ಬರೆದ ಎತ್ತರದ ಮಿತಿ ನೋಡಿ. ಕಿಟಕಿಯ ಮಳೆ ವೈಸರ್ ಅಂಟು ಬಿಟ್ಟಿದ್ದರೆ, ಬಂಪರ್ ತಂತಿಯಲ್ಲಿ ಕಟ್ಟಿಕೊಂಡಿದ್ದರೆ ಯಂತ್ರ ಬೇಡವೇ ಬೇಡ. ಮುಂದೆ ಕಟ್ಟಿದ ನಿಂಬೆಹಣ್ಣು–ಮೆಣಸಿನಕಾಯಿ ಬಿಚ್ಚಿಡಿ. ದೃಷ್ಟಿ ಹತ್ತು ನಿಮಿಷದಲ್ಲಿ ತಾಗಲ್ಲ, ಆದರೆ ಆ ದಾರ ಬ್ರಷ್ಷಿಗೆ ಸುತ್ತಿಕೊಳ್ಳುತ್ತದೆ. ಆಯುಧಪೂಜೆಯ ಮರುದಿನ ಹೋಗುವವರು ಹೂವಿನ ಹಾರವನ್ನೂ ತೆಗೆದು, ಬಾನೆಟ್ಟಿನ ಕುಂಕುಮ, ಅರಿಶಿನವನ್ನು ಮೊದಲು ಬರೀ ನೀರಿನಲ್ಲಿ ಇಳಿಸಿ. ಒಣ ಕುಂಕುಮ ಉಜ್ಜಿದರೆ ಬಿಳಿ ಕಾರಿಗೆ ಗುಲಾಬಿ ಬಣ್ಣ ಬರುತ್ತದೆ.

ನಿಮ್ಮ ಮುಂದೆ ಯಾರಿದ್ದಾರೆ ನೋಡಿ. ರಾಡಿ ಗಾಡಿ ಇದ್ದರೆ ಇಳಿದು ಹೋಗಿ ಒಂದು ಚಾ ಕುಡಿಯಿರಿ. ನಡುವೆ ಎರಡು ಬರೀ ಧೂಳಿನ ಕಾರು ಹೋಗಲಿ.

ಹೆಜ್ಜೆ 6: ಹೊರಗೆ ಬಂದ ಮೇಲೆ

ಬಾಗಿಲು ತೆರೆದು ಕೆಳ ಅಂಚು ಬಟ್ಟೆಯಲ್ಲಿ ಒರೆಸಿ. ಬಾಗಿಲ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ನಮ್ಮ ಮಣ್ಣು ಅವನ್ನು ಮುಚ್ಚುತ್ತದೆ, ನೀರು ಬಾಗಿಲೊಳಗೇ ನಿಲ್ಲುತ್ತದೆ. ಬಾಗಿಲು ಹಾಕುವಾಗ ಒಳಗೆ ಗುಳುಗುಳು ಕೇಳಿಸಿದರೆ ಅದೇ. ಹಿಡಿಕಡ್ಡಿಯಿಂದ ಮೆತ್ತಗೆ ಬಿಡಿಸಬಹುದು.

ಬ್ರೇಕ್ ಒದ್ದೆಯಾಗಿರುತ್ತದೆ. ಖಾಲಿ ರಸ್ತೆಯಲ್ಲಿ ಮೂರು ನಾಲ್ಕು ಸಲ ಮೆಲ್ಲಗೆ ಒತ್ತಿ ಒಣಗಿಸಿ. ತೊಳೆಸಿದ ಕೂಡಲೇ ಮನೆಗೆ ತಂದು ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕು ದಿನ ನಿಲ್ಲಿಸಬೇಡಿ, ಹಿಡಿದುಕೊಳ್ಳುತ್ತದೆ. ಸಮತಟ್ಟು ಜಾಗವಾದರೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಮ್ಯಾಟು ಪೂರ್ತಿ ಒಣಗಿದ ಮೇಲೆ ಹಾಕಿ. ಶಿರಸಿಯ ಮಳೆಯಲ್ಲಿ ಒದ್ದೆ ಮ್ಯಾಟು ಹಾಕಿ ಗಾಜು ಮುಚ್ಚಿದರೆ ವಾರದೊಳಗೆ ಸೀಟಿಗೆ ಬೂಷ್ಟು.

ಎಷ್ಟು ದಿನಕ್ಕೊಮ್ಮೆ? ಕಡಲಿಗೆ ಹತ್ತಿರ ನಿಲ್ಲಿಸುವವರು ವಾರಕ್ಕೊಮ್ಮೆ ಬರೀ ಸಿಹಿನೀರು ಹಾಯಿಸಿ, ಸೋಪು ಬೇಕಿಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಲಿಫ್ಟ್, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಒಂದು ಸಲ ಖಂಡಿತ. ಲಿಫ್ಟ್ ದೂರ ಇದ್ದರೆ ಒಂದು ಉಪಾಯ: ತೋಟಕ್ಕೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಇದೆಯಲ್ಲ, ಅದನ್ನು ಕಾರಿನ ಅಡಿಗೆ ತಳ್ಳಿ ಹತ್ತು ನಿಮಿಷ ಬಿಡಿ. ನಡುವೆ ಒಮ್ಮೆ ಕಾರನ್ನು ಹಿಂದೆ ಮುಂದೆ ಸರಿಸಿ. ಮನೆಯವರು ನಗುತ್ತಾರೆ. ನಗಲಿ.

ಲಿಫ್ಟಿನಿಂದ ಇಳಿಸುವ ಮುಂಚೆ ಎರಡು ಪ್ರಶ್ನೆ ಬರುತ್ತವೆ. "ಇಂಜಿನ್ ವಾಶ್ ಮಾಡ್ಲಾ ಸರ್?" ಬೇಡ ಅನ್ನಿ. ಈಗಿನ ಇಂಜಿನ್ ತುಂಬ ವೈರು, ಸೆನ್ಸರ್. ಪ್ರೆಶರ್ ಗನ್ ನೀರು ಕನೆಕ್ಟರ್ ಒಳಗೆ ಹೋದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನೊಂದು, "ಅಡಿಗೆ ಡೀಸೆಲ್ ಹೊಡೀಲಾ?" ಕೆಲವು ಕಡೆ ಹಳೇ ರೂಢಿ. ಅಡಿಭಾಗ ಕಪ್ಪಗೆ ಮಿರಮಿರ ಮಿಂಚುತ್ತದೆ, ನೋಡಲು ಖುಷಿ. ಡೀಸೆಲ್ ಅಡಿಯ ಕೀಲುಗಳಲ್ಲಿರುವ ರಬ್ಬರ್ ಬುಶ್ಶಿಗೆ ಒಳ್ಳೆಯದಲ್ಲ. ಮೇಲಿಂದ ಆ ಎಣ್ಣೆಗೆ ಮರುದಿನದಿಂದಲೇ ಧೂಳು ಅಂಟುತ್ತದೆ. ನಾನೂ ನಾಲ್ಕು ವರ್ಷ ಹೊಡೆಸಿದ್ದೆ. ಆ ಹುಡುಗ ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆದ ಗಟ್ಟಿಯ ಮೇಲೂ ಕಪ್ಪು ಎಣ್ಣೆಯ ಪದರ ಇತ್ತು.